ಜೋಡಿ ಎಲೆಯಾಟವೂ ಮನಸ್ಸಿನ ಅವಧಾನವೂ

ಗೃಹಸ್ಥರ ಮನೆಗಳಲ್ಲಿ ದಿನವೂ ಕೇಳಿಬರುವ ದೂರುಗಳಲ್ಲಿ ಎರಡು ಮುಖ್ಯವಾದುವು. “ಮಗುವಿಗೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ” ಎಂಬುದೊಂದು. “ಅಜ್ಜಿಗೆ ಇಟ್ಟದ್ದು ಎಲ್ಲಿಟ್ಟೆನೆಂದು ನೆನಪಾಗುವುದಿಲ್ಲ” ಎಂಬುದು ಮತ್ತೊಂದು. ಈ ಎರಡು ದೂರುಗಳನ್ನೇ ಬಂಡವಾಳ ಮಾಡಿಕೊಂಡು ಜ್ಞಾಪಕಶಕ್ತಿಯನ್ನು ಮಾರುವ ವ್ಯಾಪಾರವು ಈಗ ಪಟ್ಟಣಗಳಿಂದ ಹಳ್ಳಿಗಳಿಗೂ ಬಂದಿದೆ. ಮೊಬೈಲಿನ ಗಾಜಿನ ಮೇಲೆ ಚಿತ್ರಗಳನ್ನು ಜೋಡಿಸುವ ಆಟವನ್ನು ತಿಂಗಳಿಗಿಷ್ಟು ಹಣ ತೆತ್ತು ಆಡಿದರೆ ಬುದ್ಧಿಯು ಹರಿತವಾಗುವುದೆಂದೂ, ಪರೀಕ್ಷೆಯ ಅಂಕಗಳು ಏರುವುವೆಂದೂ, ಮುಪ್ಪಿನ ಮರೆವು ಹತ್ತಿರ ಸುಳಿಯದೆಂದೂ ಜಾಹೀರಾತುಗಳು ಸಾರುತ್ತಿರುವುವು.

ನಮ್ಮ ಮುರುಗಮಲ್ಲದ ಸುತ್ತಮುತ್ತ ರೇಷ್ಮೆಹುಳು ಸಾಕಿಯೋ, ತೋಟದಲ್ಲಿ ತರಕಾರಿ ಬೆಳೆದೋ, ಕೂಲಿ ಮಾಡಿಯೋ ಸಂಸಾರ ನಡೆಸುವವರೇ ಹೆಚ್ಚು. ಗೂಡಿನ ಬೆಲೆ ಒಂದು ವಾರ ಏರಿ ಮತ್ತೊಂದು ವಾರ ಇಳಿಯುವ ಈ ಸೀಮೆಯಲ್ಲಿ, ತಾಯಿಯೊಬ್ಬಳು ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣವನ್ನು ಇಂಥದಕ್ಕೆ ಕೊಡಬಹುದೆ, ಕೊಡಬಾರದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠಹೇಳಿದ ನನ್ನನ್ನು ಈ ಪ್ರಶ್ನೆ ಕೇಳಿದವರು ಒಬ್ಬಿಬ್ಬರಲ್ಲ. ಆದಕಾರಣ ಈ ಆಟದ ಸ್ವರೂಪವೇನು, ಅದರಿಂದ ಮನಸ್ಸಿಗೆ ಆಗುವ ಲಾಭವೆಷ್ಟು, ಆಗದ ಲಾಭ ಯಾವುದು ಎಂಬುದನ್ನು ವಾಚಕರ ಮುಂದೆ ಕ್ರಮವಾಗಿ ವಿವರಿಸುವೆನು.

ಆಟದ ಸ್ವರೂಪ

ಆಟವು ಅತ್ಯಂತ ಸರಳವಾದುದು. ಎರಡೆರಡು ಒಂದೇ ಬಗೆಯವಾಗಿರುವ ಎಲೆಗಳನ್ನು ಕಲಸಿ, ಮುಖ ಕೆಳಗಾಗಿ ಸಾಲಾಗಿ ಹರಡಬೇಕು. ಆಡುವವನು ಒಂದು ಎಲೆಯನ್ನು ಎತ್ತಿ ಎಲ್ಲರಿಗೂ ತೋರಿಸಬೇಕು; ಬಳಿಕ ಎರಡನೆಯದನ್ನು ಎತ್ತಬೇಕು. ಎರಡೂ ಜೋಡಿಯಾದರೆ ಅವು ಅವನವು. ಮತ್ತೊಮ್ಮೆ ಆಡುವ ಹಕ್ಕೂ ಅವನದೇ. ಜೋಡಿಯಾಗದಿದ್ದರೆ ಎಲೆಗಳನ್ನು ಇದ್ದಲ್ಲಿಯೇ ಮಗುಚಿ, ಆಟವನ್ನು ಮುಂದಿನವರಿಗೆ ಬಿಡಬೇಕು. ಕೊನೆಯಲ್ಲಿ ಯಾರ ಬಳಿ ಹೆಚ್ಚು ಜೋಡಿಗಳಿರುವುವೋ ಅವರು ಗೆದ್ದಂತೆ.

ಹದಿನಾರು ಎಲೆಗಳಿಂದ ಆಡುತ್ತಿರುವಿರೆಂದು ಭಾವಿಸಿರಿ. ಮೊದಲ ಎಲೆಯನ್ನು ಎತ್ತಿದ ಮೇಲೆ ಉಳಿದ ಹದಿನೈದರಲ್ಲಿ ಅದರ ಜೋಡಿ ಒಂದೇ ಒಂದು. ಆದುದರಿಂದ ಮೊದಲ ಪ್ರಯತ್ನದಲ್ಲಿ ಗೆಲ್ಲುವ ಸಂಭವವು ಹದಿನೈದರಲ್ಲಿ ಒಂದು ಪಾಲು ಮಾತ್ರ. ಇಲ್ಲಿ ಅದೃಷ್ಟವೇ ಯಜಮಾನ. ಆದರೆ ಆಟ ನಡೆದಂತೆಲ್ಲ ಅದೃಷ್ಟದ ಅಧಿಕಾರ ಕುಗ್ಗಿ, ಕಂಡದ್ದನ್ನು ಕಂಡ ಜಾಗದೊಡನೆ ಸೇರಿಸಿ ಹಿಡಿದಿಟ್ಟುಕೊಂಡವನ ಅಧಿಕಾರ ಬೆಳೆಯುವುದು. ಎದುರಾಳಿ ಎತ್ತುವ ಎಲೆಯನ್ನು ನೋಡದೆ ಬೀದಿಯ ಕಡೆ ಕಣ್ಣು ಹಾಯಿಸಿದವನು ಅರ್ಧ ಸೋತಂತೆಯೇ ಸರಿ.

ಇಂಗ್ಲೆಂಡಿನಲ್ಲಿ ಈ ಆಟಕ್ಕೆ ‘ಪೆಲ್ಮನಿಸಂ’ ಎಂಬ ಹೆಸರುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಪೆಲ್ಮನ್ ಸಂಸ್ಥೆಯು ಅಂಚೆಯ ಮೂಲಕ ಜ್ಞಾಪಕಶಕ್ತಿಯ ಪಾಠಗಳನ್ನು ಮಾರಿ ಪ್ರಸಿದ್ಧವಾಗಿತ್ತು. ಆಟವು ಆ ಸಂಸ್ಥೆಯ ಹೆಸರನ್ನು ಹೊತ್ತಿತು. ಅಂದರೆ ನೆನಪನ್ನು ಹಣಕ್ಕೆ ಮಾರುವ ಉದ್ಯಮವು ಮೊಬೈಲಿನೊಡನೆ ಹುಟ್ಟಿದುದಲ್ಲ. ಅದಕ್ಕೆ ನೂರು ವರ್ಷ ಮೀರಿದ ವಯಸ್ಸಾಗಿದೆ.

ಆಡುವಾಗ ಮನಸ್ಸು ಮಾಡುವ ಕೆಲಸ

ನಮ್ಮ ತಾರ್ಕಿಕರು ಜ್ಞಾನವನ್ನು ಅನುಭವ, ಸ್ಮೃತಿ ಎಂದು ಎರಡಾಗಿ ವಿಂಗಡಿಸಿ, ಅನುಭವವು ಬಿಟ್ಟುಹೋದ ಸಂಸ್ಕಾರದಿಂದ ಸ್ಮೃತಿ ಹುಟ್ಟುವುದೆಂದು ಹೇಳಿದರು. ಈಗಿನ ಮನಶ್ಶಾಸ್ತ್ರಜ್ಞರು ಸ್ಮೃತಿಯಲ್ಲಿಯೂ ಭೇದಗಳನ್ನು ಕಂಡಿರುವರು. ಬಾಲ್ಯದಲ್ಲಿ ಕಲಿತ ಮಗ್ಗಿಯು ಅರವತ್ತರಲ್ಲಿಯೂ ಉಳಿದಿರುವುದು ಒಂದು ಬಗೆ. ಇಪ್ಪತ್ತೇಳನ್ನೂ ಮೂವತ್ತೆಂಟನ್ನೂ ಬಾಯಲ್ಲಿಯೇ ಕೂಡುವಾಗ, ಐದು ಬರೆದು ‘ಕೈಯಲ್ಲೊಂದು’ ಎಂದು ಕ್ಷಣಕಾಲ ಹಿಡಿದಿಟ್ಟುಕೊಳ್ಳುವೆವಷ್ಟೆ. ಅದು ಇನ್ನೊಂದು ಬಗೆ. ಈ ಎರಡನೆಯದನ್ನು ಕಾರ್ಯಸ್ಮೃತಿ ಎನ್ನೋಣ. ಮೊದಲನೆಯದು ಕಣಜವಾದರೆ ಎರಡನೆಯದು ಮಕ್ಕಳ ಹಲಗೆ. ಹಲಗೆಯ ಮೇಲೆ ಬರೆದು, ಲೆಕ್ಕ ಮಾಡಿ, ಒರೆಸಿ, ಮತ್ತೆ ಬರೆಯುವೆವು. ಹಲಗೆ ಚಿಕ್ಕದು, ಆದರೆ ಅದಿಲ್ಲದೆ ಯಾವ ಲೆಕ್ಕವೂ ಸಾಗದು.

ಅದು ಎಷ್ಟು ಚಿಕ್ಕದು? ೧೯೫೬ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸನು ಮನುಷ್ಯನು ಒಮ್ಮೆಗೆ ಸುಮಾರು ಏಳು ಅಂಶಗಳನ್ನು ಹಿಡಿಯಬಲ್ಲನೆಂದು ಬರೆದನು. ೨೦೦೧ರಲ್ಲಿ ನೆಲ್ಸನ್ ಕೋವನ್ ಎಂಬಾತನು ಯುಕ್ತಿಗಳನ್ನೆಲ್ಲ ಬಿಟ್ಟು ನೋಡಿದರೆ ನಿಜವಾದ ಮಿತಿಯು ಸುಮಾರು ನಾಲ್ಕೇ ಎಂದು ವಾದಿಸಿದನು. ೧೯೭೪ರಲ್ಲಿ ಬ್ರಿಟನ್ನಿನ ಬ್ಯಾಡ್ಲಿ ಮತ್ತು ಹಿಚ್ ಎಂಬುವರು ಈ ಹಲಗೆಗೆ ಭಾಗಗಳುಂಟೆಂದು ತೋರಿಸಿದರು: ಕೇಳಿದ ಮಾತನ್ನು ಒಳಗೊಳಗೇ ಜಪಿಸಿ ಉಳಿಸುವುದೊಂದು, ಕಂಡ ರೂಪವನ್ನೂ ಸ್ಥಾನವನ್ನೂ ಹಿಡಿಯುವುದೊಂದು, ಇವೆರಡರ ಮೇಲೆ ಗಮನವನ್ನು ಹಂಚುವ ಮೇಲ್ವಿಚಾರಕನೊಬ್ಬ.

ಜೋಡಿ ಎಲೆಯಾಟದಲ್ಲಿ ಈ ಮೂರಕ್ಕೂ ಕೆಲಸ ಬೀಳುವುದು. “ಆನೆ, ಎರಡನೆಯ ಸಾಲಿನ ಕೊನೆ” ಎಂದು ಮಗು ತುಟಿಯಲ್ಲಿಯೇ ಗುನುಗುವುದು ಮೊದಲನೆಯದು. ಆ ಸ್ಥಳವನ್ನು ಕಣ್ಣಿನಿಂದ ಗುರುತಿಡುವುದು ಎರಡನೆಯದು. ಹೊಸ ಎಲೆ ತೆರೆದಾಗ ಹಳೆಯದನ್ನು ಬಿಡದೆ ಹೊಸದನ್ನೂ ಸೇರಿಸಿಕೊಳ್ಳುವುದು ಮೂರನೆಯದು. ಆಡಿದ ಅಷ್ಟು ಹೊತ್ತೂ ಮನಸ್ಸು ದುಡಿಯುವುದೆಂಬುದರಲ್ಲಿ ಸಂದೇಹವಿಲ್ಲ.

ನಮ್ಮ ನಾಡಿನ ಎಲೆಗಳು

ಎಲೆಗಳಿಂದ ನೆನಪನ್ನು ಪರೀಕ್ಷಿಸುವುದು ನಮಗೆ ಹೊಸದಲ್ಲ. ೧೫೨೭ರಲ್ಲಿಯೇ ಬಾಬರನು ಸಿಂಧದ ದೊರೆಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯು ಅವನ ಆತ್ಮಚರಿತ್ರೆಯಲ್ಲಿದೆ. ಎಂಟು ಬಣಗಳ ತೊಂಬತ್ತಾರು ಎಲೆಗಳ ಆಟವು ನಮ್ಮ ದೇಶದಲ್ಲಿ ಹತ್ತು ಅವತಾರಗಳ ನೂರಿಪ್ಪತ್ತು ದುಂಡನೆಯ ಎಲೆಗಳ ದಶಾವತಾರ ಗಂಜೀಫಾ ಆಯಿತು. ಅದರ ನಿಯಮಗಳೇ ಮನಸ್ಸಿಗೆ ವ್ಯಾಯಾಮ. ಹಗಲಿನಲ್ಲಿ ರಾಮನ ಎಲೆಯುಳ್ಳವನು ಆಟವನ್ನು ಆರಂಭಿಸಬೇಕು, ರಾತ್ರಿಯಲ್ಲಾದರೆ ಕೃಷ್ಣನ ಎಲೆಯುಳ್ಳವನು. ಅರ್ಧ ಬಣಗಳಲ್ಲಿ ಹತ್ತು ದೊಡ್ಡದು. ಉಳಿದರ್ಧದಲ್ಲಿ ಒಂದೇ ದೊಡ್ಡದು. ಯಾವ ಬಣದಲ್ಲಿ ಯಾವ ಎಲೆ ಹೋಗಿದೆ, ಉಳಿದವುಗಳಲ್ಲಿ ಮೇಲಿನದು ಯಾವುದು ಎಂದು ನೆನಪಿಡದವನು ಈ ಆಟವನ್ನು ಗೆಲ್ಲಲಾರನು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ೧೮೩೧ರಲ್ಲಿ ರಾಜ್ಯಾಡಳಿತವು ಬ್ರಿಟಿಷರ ಕೈಸೇರಿದ ಬಳಿಕ, ಸಾಹಿತ್ಯ, ಸಂಗೀತ, ಚಿತ್ರ, ಚದುರಂಗಗಳ ಜೊತೆಗೆ ಎಲೆಯಾಟಗಳ ಮೇಲೆಯೂ ಅವರ ಚಿತ್ತ ಹರಿಯಿತು. ಅವರು ರೂಪಿಸಿದ ಆಟಗಳಲ್ಲಿ ಹದಿನೆಂಟು ಬಣಗಳವೂ, ಮುನ್ನೂರರುವತ್ತು ಎಲೆಗಳವರೆಗಿನವೂ ಇದ್ದುವು. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇಂಥ ಆಟಗಳ ವಿವರಗಳುಂಟು. ಅಷ್ಟು ಎಲೆಗಳನ್ನು ನೆನಪಿಡುವ ಆಟವು ಅರಮನೆಯ ಹೊರಗೆ ಹರಡಲಿಲ್ಲವೆಂಬುದು ಆಶ್ಚರ್ಯವಲ್ಲ. ಆದರೆ ಎಲೆಯೆಂದರೆ ಜೂಜು ಮಾತ್ರವಲ್ಲ, ಬುದ್ಧಿಯ ವಿನೋದವೂ ಆಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಈ ಮಾತನ್ನು ಹೇಳುವುದಕ್ಕೆ ಕಾರಣವುಂಟು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇಸ್ಪೀಟು ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವರು. ಅವರ ಭಯ ಸುಳ್ಳಲ್ಲ. ಅಂದರ್ ಬಾಹರ್ ಆಡಿ ಹೊಲ ಕಳೆದುಕೊಂಡವರ ಕಥೆ ಯಾವ ಹಳ್ಳಿಯಲ್ಲಿಲ್ಲ? ಪಗಡೆಯಿಂದ ಧರ್ಮರಾಯನಿಗೆ ಆದುದೇನೆಂದು ಬಲ್ಲ ದೇಶವಿದು. ಆದರೆ ಕೇಡು ಇರುವುದು ಪಣದಲ್ಲಿ, ಎಲೆಯಲ್ಲಿ ಅಲ್ಲ. ಪಣವಿಲ್ಲದ ಆಟಕ್ಕೆ ಚೌಕಾಬಾರಕ್ಕೂ ಅಳಿಗುಳಿಮಣೆಗೂ ಮನೆಯಲ್ಲಿರುವ ಸ್ಥಾನವೇ ಸಲ್ಲಬೇಕು.

ಅವಧಾನಿಗಳ ನಿದರ್ಶನ

ಗಮನ ಮತ್ತು ನೆನಪುಗಳ ಶಿಖರವನ್ನು ಕಾಣಬೇಕಾದರೆ ಅವಧಾನವನ್ನು ನೋಡಬೇಕು. ಎಂಟು ಮಂದಿ ಪೃಚ್ಛಕರು ಎಂಟು ಕಡೆಯಿಂದ ಅವಧಾನಿಯನ್ನು ಸುತ್ತುವರಿಯುವರು. ಒಬ್ಬನು ಪದ್ಯದ ಒಂದೊಂದು ಅಕ್ಷರಕ್ಕೂ ನಿಷೇಧ ಹಾಕುವನು; ಇನ್ನೊಬ್ಬನು ಸಮಸ್ಯೆಯನ್ನೊಡ್ಡುವನು; ಮತ್ತೊಬ್ಬನು ತಾನು ಕೊಟ್ಟ ಪದಗಳನ್ನು ಸೇರಿಸೆನ್ನುವನು; ಒಬ್ಬನು ಅಂಕಿಗಳ ಚೌಕವನ್ನು ತುಂಬಿಸುವನು; ಅಪ್ರಸ್ತುತ ಪ್ರಸಂಗಿಯಂತೂ ನಡುನಡುವೆ ಹರಟೆ ತೆಗೆದು ಗಮನವನ್ನು ಕದಡುವುದಕ್ಕೆಂದೇ ಕುಳಿತಿರುವನು. ಪದ್ಯಗಳು ಸುತ್ತಿಗೊಂದು ಪಾದದಂತೆ ಬೆಳೆಯುವುವು. ಬರೆದುಕೊಳ್ಳುವುದಕ್ಕೆ ಕಾಗದವಿಲ್ಲ. ಕೊನೆಗೆ ಧಾರಣೆಯಲ್ಲಿ ಅವನು ಎಲ್ಲವನ್ನೂ ಪೂರ್ಣವಾಗಿ ಒಪ್ಪಿಸಬೇಕು.

ತೆಲುಗಿನಲ್ಲಿ ಬಹುವಾಗಿ ಬೆಳೆದ ಈ ಕಲೆಗೆ ಕನ್ನಡದಲ್ಲಿ ಹೊಸ ಜೀವ ತುಂಬಿದವರು ಶತಾವಧಾನಿ ಡಾ. ಆರ್. ಗಣೇಶರು. ಅವರು ೧೯೬೨ರಲ್ಲಿ ಹುಟ್ಟಿದುದು ಕೋಲಾರದಲ್ಲಿ. ಅಂದರೆ ಚಿಂತಾಮಣಿಯೂ ಸೇರಿದ್ದ ಹಳೆಯ ಕೋಲಾರ ಜಿಲ್ಲೆಯೇ ಅವರ ಜನ್ಮಸೀಮೆ. ೨೦೧೨ರಲ್ಲಿ ಬೆಂಗಳೂರಿನಲ್ಲಿ ಮೂರು ದಿನಗಳ ಕಾಲ ಅವರು ಅಚ್ಚಕನ್ನಡದ ಸಭೆಯಲ್ಲಿ ಶತಾವಧಾನವನ್ನೇ ನಡೆಸಿದರು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಅವಧಾನಿಯ ಹಲಗೆ ನಮ್ಮದಕ್ಕಿಂತ ನೂರ್ಮಡಿ ದೊಡ್ಡದಲ್ಲ. ಛಂದಸ್ಸು, ನಿಘಂಟು, ವ್ಯಾಕರಣ, ಕಾವ್ಯಗಳು ಅವನ ಕಣಜದಲ್ಲಿ ತುಂಬಿರುವುದರಿಂದ, ನಮಗೆ ಹತ್ತೊಂಬತ್ತು ಬಿಡಿ ಅಕ್ಷರಗಳಾಗಿ ತೋರುವ ಶಾರ್ದೂಲವಿಕ್ರೀಡಿತದ ಒಂದು ಪಾದವು ಅವನಿಗೆ ಒಂದೇ ಅಲೆಯಾಗಿ ಕೈಗೆ ಸಿಕ್ಕುವುದು. ವೇದಪಾಠಿಗಳೂ ಹಾಗೆಯೇ: ಪದ, ಕ್ರಮ, ಜಟಾ, ಘನ ಎಂದು ಪದಗಳನ್ನು ಜೋಡಿಜೋಡಿಯಾಗಿ ಹೆಣೆದು, ಹಿಂದುಮುಂದಾಗಿ ಉಚ್ಚರಿಸಿ, ಒಂದಕ್ಕೊಂದನ್ನು ಕೊಂಡಿ ಹಾಕುವರು. ಹಲಗೆಯನ್ನು ಹಿಗ್ಗಿಸಿದುದರಿಂದಲ್ಲ, ಕಣಜವನ್ನು ತುಂಬಿ ಕಟ್ಟುಕಟ್ಟಾಗಿ ಜೋಡಿಸಿದುದರಿಂದ ಬಂದ ಶಕ್ತಿಯಿದು.

ಲಾಭದ ಲೆಕ್ಕಾಚಾರ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಆಟದಲ್ಲಿ ಪಳಗಿದ ನೆನಪು ಓದಿನಲ್ಲಿಯೂ ವ್ಯವಹಾರದಲ್ಲಿಯೂ ಉಪಯೋಗಕ್ಕೆ ಬರುವುದೆ?

ವಿಲಿಯಂ ಜೇಮ್ಸ್ ಎಂಬ ಅಮೆರಿಕದ ತತ್ತ್ವಜ್ಞನು ಇದನ್ನು ತನ್ನ ಮೇಲೆಯೇ ಪರೀಕ್ಷಿಸಿ ನೋಡಿದ ಸಂಗತಿ ೧೮೯೦ರ ಅವನ ಗ್ರಂಥದಲ್ಲಿದೆ. ಫ್ರೆಂಚ್ ಕಾವ್ಯದ ನೂರೈವತ್ತೆಂಟು ಪಂಕ್ತಿಗಳನ್ನು ಅವನು ಸುಮಾರು ನೂರಮೂವತ್ತೆರಡು ನಿಮಿಷಗಳಲ್ಲಿ ಕಂಠಪಾಠ ಮಾಡಿದನು. ಬಳಿಕ ಮೂವತ್ತೆಂಟು ದಿನ ಮಿಲ್ಟನ್ ಕವಿಯ ಕಾವ್ಯದ ಒಂದು ಕಾಂಡವನ್ನೇ ಬಾಯಿಪಾಠ ಮಾಡಿ ಅಭ್ಯಾಸ ಬೆಳೆಸಿದನು. ಆಮೇಲೆ ಮೊದಲಿನ ಕಾವ್ಯದಿಂದಲೇ ಅಷ್ಟೇ ಪಂಕ್ತಿಗಳನ್ನು ಕಲಿಯಹೊರಟರೆ ನೂರೈವತ್ತೊಂದೂವರೆ ನಿಮಿಷ ಹಿಡಿಯಿತು! ಆಗ ತಾನು ದಣಿದಿದ್ದೆನೆಂದು ಅವನೇ ಹೇಳಿಕೊಂಡಿರುವನಾದರೂ, ಅಭ್ಯಾಸದಿಂದ ಸ್ಮರಣಶಕ್ತಿಯೇ ಬೆಳೆಯುವುದೆಂಬ ನಂಬಿಕೆಗೆ ಅಲ್ಲಿ ಆಧಾರ ದೊರೆಯಲಿಲ್ಲ.

ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ೧೯೮೦ರಲ್ಲಿ ಪ್ರಕಟವಾಯಿತು. ಎರಿಕ್ಸನ್, ಚೇಸ್ ಮೊದಲಾದವರು ಸಾಮಾನ್ಯ ವಿದ್ಯಾರ್ಥಿಯೊಬ್ಬನಿಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಂಕಿಗಳನ್ನು ಕೇಳಿ ಒಪ್ಪಿಸುವ ಅಭ್ಯಾಸ ಮಾಡಿಸಿದರು. ಮೊದಲು ಏಳು ಅಂಕಿಗಳನ್ನು ಹೇಳುತ್ತಿದ್ದವನು ಕೊನೆಗೆ ಎಪ್ಪತ್ತೊಂಬತ್ತನ್ನು ಹೇಳತೊಡಗಿದನು. ಅವನು ಓಟಗಾರ, ಅಂಕಿಗಳನ್ನೆಲ್ಲ ಓಟದ ಸಮಯಗಳಾಗಿ ಗುಂಪುಕಟ್ಟುತ್ತಿದ್ದನು. ಆದರೆ ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಸುಮಾರು ಆರಕ್ಕೆ ನಿಂತನು! ಅಂಕಿಯಲ್ಲಿ ಭೀಮನಾದವನು ಅಕ್ಷರದಲ್ಲಿ ನಮ್ಮ ನಿಮ್ಮಂತೆಯೇ ಉಳಿದನು.

ವೃದ್ಧರ ವಿಷಯದಲ್ಲಿಯೂ ದೊಡ್ಡ ಪರೀಕ್ಷೆ ನಡೆದಿದೆ. ಅಮೆರಿಕದಲ್ಲಿ ಅರುವತ್ತೈದು ವರ್ಷ ದಾಟಿದ ೨,೮೩೨ ಮಂದಿಯನ್ನು ಗುಂಪು ಮಾಡಿ, ಕೆಲವರಿಗೆ ನೆನಪಿನ, ಕೆಲವರಿಗೆ ತರ್ಕದ, ಕೆಲವರಿಗೆ ನೋಟದ ಚುರುಕಿನ ಶಿಕ್ಷಣ ಕೊಟ್ಟರು. ೨೦೦೨ರಲ್ಲಿ ಹೊರಬಂದ ಫಲಿತಾಂಶದಲ್ಲಿ ಪ್ರತಿಯೊಂದು ಗುಂಪೂ ತಾನು ಕಲಿತುದರಲ್ಲಿ ಮುಂದುವರಿದಿತ್ತು, ಕಲಿಯದುದರಲ್ಲಿ ಮುಂದುವರಿದಿರಲಿಲ್ಲ. ಹತ್ತು ವರ್ಷಗಳ ಮೇಲೆ ನೋಡಿದಾಗ ತರ್ಕ ಮತ್ತು ಚುರುಕುಗಳ ಲಾಭವು ಉಳಿದಿತ್ತು, ನೆನಪಿನ ಶಿಕ್ಷಣದ ಲಾಭವು ಕರಗಿತ್ತು. ಇಂಥ ಆಟಗಳನ್ನು ಮಾರುತ್ತಿದ್ದ ಲ್ಯುಮೋಸಿಟಿ ಎಂಬ ಅಮೆರಿಕದ ಉದ್ಯಮದ ಮೇಲೆ, ಆಧಾರವಿಲ್ಲದ ಭರವಸೆಗಳನ್ನು ಕೊಟ್ಟಿತೆಂದು ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗವು ಆಪಾದನೆ ಹೊರಿಸಿತು. ೨೦೧೬ರಲ್ಲಿ ಅದು ಇಪ್ಪತ್ತು ಲಕ್ಷ ಡಾಲರುಗಳನ್ನು ತೆರಲೊಪ್ಪಿ ಆ ವ್ಯಾಜ್ಯವನ್ನು ಮುಗಿಸಿಕೊಂಡಿತು.

ಇವುಗಳಿಂದ ತಿಳಿಯುವುದೇನು? ಎಲೆಯಾಟವನ್ನು ಆಡಿದವನು ಎಲೆಯಾಟದಲ್ಲಿ ನಿಪುಣನಾಗುವನು. ಅದಕ್ಕೆ ತೀರ ಹತ್ತಿರದ ಕೆಲಸಗಳಲ್ಲಿ ಸ್ವಲ್ಪ ಚುರುಕಾಗಬಹುದು. ಆದರೆ ಆನೆ ಕುದುರೆಗಳ ಚಿತ್ರ ಜೋಡಿಸಿದ ಮಾತ್ರಕ್ಕೆ ಭಿನ್ನರಾಶಿಯ ಲೆಕ್ಕ ಬಂದುಬಿಡದು.

ಹಾಗಾದರೆ ಏಕೆ ಆಡಬೇಕು?

ಲಾಭವು ಆಟದ ಯಂತ್ರದಲ್ಲಿಲ್ಲ, ಎಲೆಯ ಮೇಲೆ ಬರೆದಿರುವುದರಲ್ಲಿದೆ. ಕಲಿತುದನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವುದರಿಂದ ಅದು ಬಹುಕಾಲ ನಿಲ್ಲುವುದೆಂದು ರೋಡಿಗರ್ ಮತ್ತು ಕಾರ್ಪಿಕ್ ಎಂಬುವರು ೨೦೦೬ರಲ್ಲಿ ಪ್ರಯೋಗದಿಂದ ತೋರಿಸಿರುವರು. ಪಾಠ ಒಪ್ಪಿಸುವ ನಮ್ಮ ಹಳೆಯ ಪದ್ಧತಿಯ ಹಿಂದಿನ ತತ್ತ್ವವೂ ಇದೇ. ಜೋಡಿ ಎಲೆಯಾಟದಲ್ಲಿ ಮಗುವು ಕ್ಷಣಕ್ಷಣವೂ ಒಪ್ಪಿಸುತ್ತಿರುವುದು, ಬೆತ್ತದ ಭಯವಿಲ್ಲದೆ. ಆದುದರಿಂದ ಒಂದೇ ಚಿತ್ರದ ಎರಡು ಎಲೆಗಳ ಬದಲು, ಒಂದಕ್ಕೊಂದು ಸಂಬಂಧವಿರುವ ಎರಡು ವಿಷಯಗಳನ್ನು ಬರೆದರೆ ಆಟವೇ ಪಾಠವಾಗುವುದು.

ನಮ್ಮ ಊರಿನಲ್ಲಿ ಇದಕ್ಕೆ ವಿಶೇಷ ಅನುಕೂಲವುಂಟು. ದರ್ಗಾಕ್ಕೆ ಬರುವ ಯಾತ್ರಿಕರಿಂದಲೂ ಆಂಧ್ರದ ನೆರೆಯಿಂದಲೂ ಇಲ್ಲಿನ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವುವು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಅನೇಕರು. ಅಂಥವರಿಗಾಗಿ ‘ಹಾಲು–ಪಾಲು’, ‘ಹುಲಿ–ಪುಲಿ’, ‘ಹೂವು–ಪೂವು’ ಎಂಬ ಎಲೆಗಳನ್ನು ನಮ್ಮ ಜಗಲಿಯ ಮೇಲೆ ಹರಡಿದೆನು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಎರಡು ಆಟಗಳಾದ ಮೇಲೆ, “ಮೇಷ್ಟ್ರೇ, ತೆಲುಗಿನ ಪಕಾರವೆಲ್ಲ ಕನ್ನಡದಲ್ಲಿ ಹಕಾರವಾಗುತ್ತದೆಯೇ?” ಎಂದು ಕೇಳಿದಳು. ಹಳಗನ್ನಡದಲ್ಲಿಯೂ ‘ಪಾಲ್’, ‘ಪುಲಿ’ ಎಂದೇ ಇದ್ದು ಕಾಲಕ್ರಮದಲ್ಲಿ ಮಾರ್ಪಟ್ಟಿತೆಂದು ಹೇಳಿದಾಗ ಅವಳ ಮುಖದಲ್ಲಿ ಕಂಡ ಬೆಳಕನ್ನು ಯಾವ ಜಾಹೀರಾತೂ ಕೊಡಲಾರದು. ನೆರೆಮನೆಯ ಹುಡುಗನು ‘ನೀರು–ನೀಳ್ಳು’ಗಳ ಪಕ್ಕದಲ್ಲಿ ‘ಪಾನಿ’ಯನ್ನೂ ಸೇರಿಸಬೇಕೆಂದು ಹಟಮಾಡಿ, ಜೋಡಿಯಾಟವನ್ನು ತ್ರಿವಳಿಯಾಟ ಮಾಡಿದನು!

ದೊಡ್ಡ ಮಕ್ಕಳಿಗೆ ತತ್ಸಮ ತದ್ಭವಗಳನ್ನು ಬರೆಯಬಹುದು: ವರ್ಣ–ಬಣ್ಣ, ಪಕ್ಷಿ–ಹಕ್ಕಿ, ಪರ್ವ–ಹಬ್ಬ, ಕಾರ್ಯ–ಕಜ್ಜ, ವಿದ್ಯಾ–ಬಿಜ್ಜೆ. ಮಗ್ಗಿಗಾದರೆ ಒಂದು ಎಲೆಯಲ್ಲಿ ‘ಏಳೆಂಟಲ’, ಮತ್ತೊಂದರಲ್ಲಿ ‘ಐವತ್ತಾರು’. ಅಕ್ಷರ ಕಲಿಯುವವರಿಗೆ ‘ಮ’ ಮತ್ತು ‘ವ’, ‘ಬ’ ಮತ್ತು ‘ಭ’ ಮುಂತಾದ ಒಂದನ್ನೊಂದು ಹೋಲುವ ಅಕ್ಷರಗಳು. ಇವುಗಳನ್ನು ಬೇರೆಬೇರೆಯಾಗಿ ಗುರುತಿಸುವುದೇ ಗಮನಕ್ಕೆ ಒಳ್ಳೆಯ ಅಭ್ಯಾಸ.

ಮನೆಯಲ್ಲಿ ಆಡುವ ಕ್ರಮ

ಇದಕ್ಕೆ ಹಣ ಬೇಕಾಗಿಲ್ಲ. ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಬೆನ್ನು ಒಂದೇ ಬಣ್ಣವಾಗುವಂತೆ ಕಾಗದ ಅಂಟಿಸಿದರೆ ಎಲೆಗಳು ಸಿದ್ಧ. ಬೆನ್ನಿನ ಮೇಲೆ ಕಲೆಯಿದ್ದರೆ ಮಕ್ಕಳು ಆ ಕಲೆಯನ್ನೇ ನೆನಪಿಟ್ಟುಕೊಂಡು ಗೆಲ್ಲುವರು; ಅವರ ಬುದ್ಧಿ ನಮಗಿಂತ ಚುರುಕು.

ಐದಾರು ವರ್ಷದವರಿಗೆ ಆರು ಜೋಡಿ ಸಾಕು. ಎರಡು ದಿನ ಸುಲಭವಾಗಿ ಮುಗಿಸಿದರೆ ಎಂಟಕ್ಕೂ, ಬಳಿಕ ಹತ್ತಕ್ಕೂ ಏರಿಸಬೇಕು. ಒಮ್ಮೆಗೆ ಕಾಲುಗಂಟೆ ಆಡಿದರೆ ಸಾಕು. ಬೇಸರ ಬರುವ ಮೊದಲೇ ನಿಲ್ಲಿಸಬೇಕು. ಎಲೆ ಎತ್ತುವಾಗ ಅದರ ಮೇಲಿರುವುದನ್ನು ಗಟ್ಟಿಯಾಗಿ ಓದಿಸಬೇಕು. ಹೊಸ ಜೋಡಿಗಳನ್ನು ಮೊದಲ ದಿನ ಆಡಿದ ಬಳಿಕ ಮೂರನೆಯ ದಿನ, ಮತ್ತೆ ವಾರದ ಮೇಲೆ ಆಡಿಸಬೇಕು. ಕಲಿತುದು ಎಷ್ಟು ಬೇಗ ಜಾರಿಹೋಗುವುದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸನು ೧೮೮೫ರಲ್ಲಿಯೇ ಅಳೆದು ತೋರಿಸಿರುವನು. ಜಾರುವ ಹೊತ್ತಿಗೆ ಸರಿಯಾಗಿ ಕೈಕೊಡುವುದೇ ಶಿಕ್ಷಕನ ಜಾಣ್ಮೆ. ಆಡುವಾಗ ಟೆಲಿವಿಷನ್ನೂ ಮೊಬೈಲೂ ಮುಚ್ಚಿರಲಿ. ಸೋತ ಮಗುವನ್ನು ಮಂದಬುದ್ಧಿಯೆಂದು ಹಂಗಿಸುವುದು ಮಹಾಪಾತಕ. ಹೆದರಿದ ಮನಸ್ಸಿನಲ್ಲಿ ನೆನಪು ನಿಲ್ಲದು.

ಹಿರಿಯರ ವಿಷಯದಲ್ಲಿ ಎಚ್ಚರಿಕೆ

ಅಜ್ಜ ಅಜ್ಜಿಯರನ್ನು ಈ ಆಟಕ್ಕೆ ಕರೆಯಿರಿ. ಮೊಮ್ಮಕ್ಕಳ ಸಮಕ್ಕೆ ಕುಳಿತು ಆಡುವುದು ಅವರಿಗೆ ಸಂತೋಷ, ಒಂಟಿತನಕ್ಕೆ ಮದ್ದು. ಆದರೆ ಆಟವನ್ನು ಔಷಧವೆಂದು ಭಾವಿಸಿ ಔಷಧವನ್ನು ಮರೆಯಬೇಡಿರಿ.

ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ವಯಸ್ಸಿನ ಸಹಜ ಮರೆವು. ಆದರೆ ದಿನವೂ ನಡೆದ ದಾರಿಯನ್ನು ತಪ್ಪುವುದು, ಮಾಡಿದ ಅಡುಗೆಯ ಕ್ರಮವೇ ಮರೆತುಹೋಗುವುದು, ಕೇಳಿದ ಪ್ರಶ್ನೆಯನ್ನೇ ಗಳಿಗೆಗೊಮ್ಮೆ ಕೇಳುವುದು, ಹಣದ ಲೆಕ್ಕ ತಿಳಿಯದಾಗುವುದು — ಇವು ಬೇರೆ. “ಅರವತ್ತಕ್ಕೆ ಅರಳುಮರಳು” ಎಂದು ನಕ್ಕು ಬಿಡುವ ಮಾತಲ್ಲ. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ೧೨ ಜೀವಸತ್ತ್ವದ ಅಭಾವ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ದುಷ್ಪರಿಣಾಮ ಇವುಗಳಿಂದಲೂ ಮರೆವು ಬರುವುದುಂಟು, ಇವುಗಳಿಗೆ ಚಿಕಿತ್ಸೆಯುಂಟು. ಆದುದರಿಂದ ಮೊದಲು ಹತ್ತಿರದ ವೈದ್ಯರನ್ನು ಕಾಣಬೇಕು. ಅವರು ಹೇಳಿದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತದೊತ್ತಡ ಮತ್ತು ಸಕ್ಕರೆ ಹತೋಟಿಯಲ್ಲಿರುವುದು, ಕಿವಿ ಮಂದವಾಗಿದ್ದರೆ ಶ್ರವಣಸಾಧನ ಕೊಡಿಸುವುದು, ದಿನವೂ ನಡೆಯುವುದು, ನಾಲ್ಕು ಜನರೊಡನೆ ಬೆರೆಯುವುದು — ಮಿದುಳಿನ ರಕ್ಷಣೆಗೆ ಇವು ಎಲೆಯಾಟಕ್ಕಿಂತ ಹೆಚ್ಚಿನ ಸಾಧನಗಳು.

ಉಪಸಂಹಾರ

ಆಟಕ್ಕೆ ಹಣ ತೆತ್ತು ಬುದ್ಧಿಯನ್ನು ಕೊಳ್ಳುತ್ತೇವೆಂಬುದು ಭ್ರಮೆ. ಆಟವೇ ವ್ಯರ್ಥವೆಂಬುದು ಮತ್ತೊಂದು ಭ್ರಮೆ. ಹಲಗೆಯನ್ನು ಹಿಗ್ಗಿಸುವ ಉಪಾಯ ಯಾರಿಗೂ ಸಿಕ್ಕಿಲ್ಲ. ಆದರೆ ಕಣಜವನ್ನು ತುಂಬುವುದು ಎಲ್ಲರ ಕೈಯಲ್ಲಿದೆ. ಅದಕ್ಕೆ ಬೇಕಾದುದು ಕತ್ತರಿ, ಕಾಗದ, ಕಾಲುಗಂಟೆಯ ಬಿಡುವು, ಮತ್ತು ಎದುರಿಗೆ ಕುಳಿತುಕೊಳ್ಳುವ ಒಬ್ಬ ಹಿರಿಯರು. ಇವುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ದುರ್ಲಭವಾಗುತ್ತಿರುವುದು. ದೀಪ ಹಚ್ಚಿದ ಮೇಲೆ, ಅಡುಗೆಯಾಗುವುದರೊಳಗೆ, ನಡುಮನೆಯಲ್ಲಿ ಚಾಪೆ ಹಾಸಿ ಹದಿನಾರು ಎಲೆಗಳನ್ನು ಹರಡಿರಿ. ಮಗುವು ಎತ್ತುವ ಎಲೆಯನ್ನು ನೀವೂ ಗಮನವಿಟ್ಟು ನೋಡಿರಿ. ಗಮನವೆಂಬುದನ್ನು ಮಕ್ಕಳು ನಮ್ಮ ಉಪದೇಶದಿಂದ ಕಲಿಯುವುದಕ್ಕಿಂತ ನಮ್ಮ ಕಣ್ಣನ್ನು ನೋಡಿ ಕಲಿಯುವುದೇ ಹೆಚ್ಚು.